ಅತ್ತೆಯ ಹಿಂದಲೆಯ ಮುಖ

ನಮ್ಮ ಅತ್ತೆಗೆ ಕಿವಿ ಮಂದ, ನನಗೆ ಧೈರ್ಯ ಮಂದ. ಇಬ್ಬರೂ ಸೇರಿ ಒಂದು ಹಿಂಡು ನಾಟಿ ಕೋಳಿ ಸಾಕುತ್ತಿದ್ದೆವು. ಬೆಳಿಗ್ಗೆ ಅತ್ತೆ ಅವನ್ನು ಬಯಲಿಗೆ ಬಿಡುತ್ತಿದ್ದರು. ಸಂಜೆ ಅವು ಒಳಗೆ ಸೇರುವ ತನಕ ನಾನು ಅವುಗಳ ಸದ್ದಿಗೆ ಕಿವಿ ಕೊಟ್ಟುಕೊಂಡು ನಡುಗುತ್ತಿದ್ದೆ. ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದ್ದು ಹೀಗೆ.

ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು, ನಡುವೆ ಇಳಿದು ಒಳದಾರಿ ಹಿಡಿದರೆ ನಮ್ಮ ಊರು. ಊರಿಗೆ ಕೊನೆಯ ಮನೆ ನಮ್ಮದು. ಹಿತ್ತಿಲಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು, ಬ್ಯಾರನ್ನು ಅಂತಾರಲ್ಲ ಅದು, ಅದರ ಹಿಂದೆ ಹೊಲ, ಹೊಲ ಮುಗಿದಲ್ಲಿ ಲಂಟಾನದ ಪೊದೆ, ಪೊದೆಯ ಬೆನ್ನಿಗೆ ಆನೆ ಕಂದಕ. ಕಂದಕದ ಆಚೆ ಕಾಡು. ಆನೆ ದಾಟಬಾರದೆಂದು ತೋಡಿದ ಕಂದಕ ಅದು, ಉಳಿದ ಪ್ರಾಣಿಗಳಿಗೆ ಅದೊಂದು ಲೆಕ್ಕವೇ ಅಲ್ಲ. ಮಳೆಗೆ ದಡ ಕುಸಿದ ಜಾಗದಲ್ಲಿ ನಮ್ಮ ಎಮ್ಮೆಯೇ ಇಳಿದು ಆಚೆ ಹತ್ತಿ ಮೇಯ್ದುಕೊಂಡು ಬಂದಿದೆ.

ನಾನು ಕೆ.ಆರ್. ನಗರದ ಕಡೆಯವಳು. ನಾಲೆ ನೀರು, ಭತ್ತದ ಗದ್ದೆ, ಎತ್ತ ನೋಡಿದರೂ ಬಟಾಬಯಲು. ಅಲ್ಲಿ ಕೋಳಿ ಸಾಕುವವರಿಗೆ ಮುಂಗುಸಿಯ ಕಾಟ, ಹದ್ದಿನ ಕಾಟ, ಹೆಚ್ಚೆಂದರೆ ಬೀದಿನಾಯಿಯ ಕಾಟ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿಕೊಂಡು, ಇಲ್ಲಿ ಕೋಳಿಗೆ ಯಾರ್ಯಾರು ನೆಂಟರೆಂದು ಬೆರಳು ಮಡಚಿ ಹೇಳಿದರು. ಮುಂಗುಸಿ, ಕಾಡುಬೆಕ್ಕು, ಪುನುಗುಬೆಕ್ಕು, ಹದ್ದು, ಗಿಡುಗ, ಹೆಬ್ಬಾವು, ನರಿ, ಚಿರತೆ. ಅವರು ಹೇಳಿದ ಧಾಟಿ ಮದುವೆಗೆ ಬರುವವರ ಪಟ್ಟಿ ಓದಿದ ಹಾಗಿತ್ತು. ಮೊದಲೇ ಹೆದರುವವಳು ನಾನು, ಮೈಮೇಲೆ ಕಪ್ಪೆ ಎಸೆದಂತಾಯಿತು.

"ಇಷ್ಟೆಲ್ಲಾ ಇದ್ದ ಮೇಲೆ ಯಾಕತ್ತೆ ಹೊರಗೆ ಬಿಡ್ತೀರ? ಜಾಲರಿ ಹೊಡೆಸಿ ಒಳಗೇ ಸಾಕಬಾರದಾ?" ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕರು.

"ಕೆದಕಿ ತಿನ್ನೋ ಜಾತಿ ಕಣಮ್ಮಿ ಅದು. ಕೂಡಾಕುದ್ರೆ ಕಾಲು ಯಾಕೆ ಕೊಟ್ಟೆ ಅಂತ ದೇವ್ರನ್ನೇ ಬೈತದೆ."

ಒಂದು ವರ್ಷ ನಮ್ಮ ಮನೆಯವರು ಅವರ ಮಾತು ಮೀರಿ ಜಾಲರಿ ಹೊಡೆಸಿಯೂ ನೋಡಿದರು. ಒಳಗೆ ಕೂಡಿದ ಕೋಳಿಗಳು ಒಂದರ ಬಾಲ ಒಂದು ಕುಕ್ಕಿ ರಕ್ತ ಮಾಡಿಕೊಂಡವು, ಮೊಟ್ಟೆ ನಿಲ್ಲಿಸಿದವು, ಕೊನೆಗೆ ರೋಗ ಬಂದು ಅರ್ಧ ಹಿಂಡು ಮಣ್ಣಿಗೆ ಹೋಯಿತು. ಜಾಲರಿ ಬಿಚ್ಚಿ ಸೊಪ್ಪಿನ ಪಾತಿಗೆ ಹಾಕಿದೆವು.

ಬಿಟ್ಟು ಸಾಕುವುದೆಂದರೆ ಸುಮ್ಮನೆ ಬಿಟ್ಟುಬಿಡುವುದಲ್ಲ. ಅತ್ತೆಗೆ ಅದರದೇ ಒಂದು ಕಟ್ಟುನಿಟ್ಟು. ಮಂಜು ಕವಿದ ಬೆಳಿಗ್ಗೆ ಬಾಗಿಲು ತೆಗೆಯುತ್ತಿರಲಿಲ್ಲ, ಬಿಸಿಲು ಬಿದ್ದು ಹುಲ್ಲಿನ ನೀರು ಆರಬೇಕು. ಮರಿಗಳಿಗೆ ರೆಕ್ಕೆ ಬಲಿಯುವ ತನಕ ಮಂಕರಿ ಕವುಚಿ, ತಾಯಿಯ ಕಾಲನ್ನು ಬಟ್ಟೆಚೂರಿನಿಂದ ಗೂಟಕ್ಕೆ ಕಟ್ಟಿ ಬಾಗಿಲ ಹತ್ತಿರವೇ ಇರಿಸುತ್ತಿದ್ದರು. ಹೊಲದ ನಡುನಡುವೆ ಮುಳ್ಳುಕೊಂಬೆ ಗುಡ್ಡೆ ಹಾಕಿಸುತ್ತಿದ್ದರು, ಹದ್ದು ಎರಗಿದರೆ ಕೋಳಿ ಒಳಗೆ ನುಗ್ಗಲಿ ಅಂತ. ಎಲ್ಲಾದರೂ ಸತ್ತ ಕಾಗೆ ಸಿಕ್ಕಿದರೆ ಗಳಕ್ಕೆ ಕಟ್ಟಿ ನಿಲ್ಲಿಸುತ್ತಿದ್ದರು. ಆ ವಾಸನೆಗೆ ಹದ್ದು ಬರುತ್ತಿರಲಿಲ್ಲವೋ ಏನೋ, ನಾನಂತೂ ಆ ಕಡೆ ಹೋಗುತ್ತಿರಲಿಲ್ಲ. ಹೊಗೆಸೊಪ್ಪಿನ ಕೆಲಸ ಮುಗಿದು ಬ್ಯಾರನ್ನು ಖಾಲಿಯಾದ ಮೇಲೆ ಸಂಜೆ ಕೋಳಿಗಳೆಲ್ಲ ಅದರೊಳಗಿನ ಗಳಗಳ ಮೇಲೆ ಹತ್ತಿ ಕೂರುತ್ತಿದ್ದವು. ಗೋಡೆ ದಪ್ಪ, ಬಾಗಿಲು ಗಟ್ಟಿ. ಹೊಗೆಸೊಪ್ಪಿನ ಘಾಟಿಗೆ ಕೋಳಿಹೇನೂ ಬರುವುದಿಲ್ಲ ಎಂದು ಅತ್ತೆಯ ವಾದ.

ಇಷ್ಟೆಲ್ಲ ಇದ್ದರೂ ನಿಜವಾದ ಕಾವಲುಗಾರ ಹುಂಜವೇ. ಮೇಲಿಂದ ಹದ್ದು ಬಂದರೆ ಗಂಟಲಲ್ಲೇ ಒಂದು ಸಲ ಕರ್ರೆಂದು ಎಳೆಯುತ್ತದೆ, ಹಿಂಡು ಇದ್ದಲ್ಲೇ ಅಡಗುತ್ತದೆ. ನೆಲದ ಮೇಲೆ ನಡೆದು ಬರುವಂಥದ್ದು ಕಂಡರೆ ಎತ್ತರಕ್ಕೆ ಹತ್ತಿ, ಕೊಕ್ಕೊಕ್ಕೊಕ್ಕೋ ಎಂದು ನಿಲ್ಲಿಸದೆ ಬಡಿದುಕೊಳ್ಳುತ್ತದೆ. ಈ ಎರಡರ ವ್ಯತ್ಯಾಸವನ್ನು ಅತ್ತೆ ನನಗೆ ಕಲಿಸಿಕೊಟ್ಟರು. ಕಲಿಸಿ ಮುಗಿಸುವ ಹೊತ್ತಿಗೆ ಅವರ ಕಿವಿಯೇ ಕೈಕೊಟ್ಟಿತು. ಕಿವಿಗೆ ಹಾಕುವ ಮಿಷಿನ್ನು ತಂದುಕೊಟ್ಟರೆ, ತಲೆಯೊಳಗೆ ಜೀರುಂಡೆ ಹೊಕ್ಕಂಗಾಯ್ತದೆ ಎಂದು ಕಿತ್ತು ಸಕ್ಕರೆ ಡಬ್ಬಿಯ ಪಕ್ಕ ಇಟ್ಟರು. ಆಮೇಲೆ ಅವರ ಕಿವಿಯೂ ನಾನೇ ಆದೆ. ಹಿಂಡಿನಲ್ಲಿ ಒಂದು ಕತ್ತೆತ್ತಿದರೂ ಸಾಕು, ನನ್ನ ಕಡೆ ತಿರುಗಿ, "ಏನಂತವೆ?" ಎಂದು ಕೇಳುತ್ತಿದ್ದರು. ಹದ್ದಾದರೆ ನಾನು ಮೇಲಕ್ಕೆ ಬೆರಳು ತೋರಿಸುತ್ತಿದ್ದೆ, ಮುಂಗುಸಿಯಾದರೆ ಕೆಳಕ್ಕೆ. ಅಷ್ಟಕ್ಕೆ ಅವರು ಕೋಲು ಹಿಡಿದು ಹೊರಟುಬಿಡುತ್ತಿದ್ದರು.

ನನ್ನ ಹೆದರಿಕೆ ಕೋಳಿಗಾಗಿ ಇರಲಿಲ್ಲ. ಕೋಳಿ ಹೋದರೆ ಇನ್ನೊಂದು ಕೋಳಿ. ಕೋಲು ಹಿಡಿದು ಪೊದೆಗೆ ನುಗ್ಗುವ ಈ ಮುದುಕಿಗಾಗಿ ನಾನು ಹೆದರುತ್ತಿದ್ದೆ. ಗಂಡನ ಮನೆಯಲ್ಲಿ ನನ್ನನ್ನು ಮಗಳ ಹಾಗೆ ನೋಡಿಕೊಂಡವರು ಅವರೊಬ್ಬರೇ. ಅದನ್ನು ಅವರ ಮುಂದೆ ಹೇಳಿದರೆ, "ಏನು? ಜೋರಾಗೇಳು" ಎನ್ನುತ್ತಾರೆಂದು ಯಾವತ್ತೂ ಹೇಳಲಿಲ್ಲ.

ಹೋದ ಚಳಿಗಾಲಕ್ಕೆ ಮುಂಚೆ ಎಚ್.ಡಿ. ಕೋಟೆ ಕಡೆಯಿಂದ ಸುದ್ದಿ ಬಂತು. ಹೊಲದಲ್ಲಿ ಬಗ್ಗಿ ಹುಲ್ಲು ಕೊಯ್ಯುತ್ತಿದ್ದವರೊಬ್ಬರನ್ನು ಹುಲಿ ಹಿಡಿಯಿತಂತೆ. ಬಸ್ಸಿನಲ್ಲಿ, ಡೈರಿಯ ಮುಂದೆ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಅದೇ ಮಾತು. ಬಗ್ಗಿದವರು, ಕುಕ್ಕರಗಾಲಲ್ಲಿ ಕೂತವರು ಅದರ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯ ಹಾಗೆ ಕಾಣುತ್ತಾರಂತೆ. ಆ ಮಾತು ಕೇಳಿದ ದಿನದಿಂದ ನನಗೆ ಹೊಲದಲ್ಲಿ ಕಳೆ ಕೀಳಲು ಕೂತರೆ ಬೆನ್ನು ಜುಮ್ಮೆನ್ನುತ್ತಿತ್ತು. ಅತ್ತೆಯೋ, ದಿನದಲ್ಲಿ ಅರ್ಧ ಹೊತ್ತು ಕುಕ್ಕರಗಾಲಲ್ಲೇ ಇರುವವರು. ಮೊಟ್ಟೆ ಹುಡುಕುವುದು ಹಾಗೆ, ಅವರೆಕಾಯಿ ಬಿಡಿಸುವುದು ಹಾಗೆ, ಕೋಳಿಗಳ ಜೊತೆ ಸುಮ್ಮನೆ ಕೂರುವುದೂ ಹಾಗೆಯೇ.

"ಅವ್ವ, ಕೋಳೀನೆಲ್ಲ ಕೊಪ್ಪದ ಸಂತೆಗೆ ಆಕ್ಬುಡ್ತೀನಿ. ನೀನು ಆ ಪೊದೆ ಕಡೆ ಓಗೋದು ಬ್ಯಾಡ," ಎಂದರು ನಮ್ಮ ಮನೆಯವರು.

"ನನ್ನೂ ಜೊತೇಲೇ ಕಟ್ಟಿ ಆಕ್ಬುಡು. ತೂಕಕ್ಕಾಯ್ತೀನಿ," ಎಂದರು ಅತ್ತೆ. ಬೇಡವಾದ ಮಾತು ಮಾತ್ರ ಅವರಿಗೆ ಕೇಳುವುದಿಲ್ಲ ಎಂದುಕೊಂಡಿದ್ದೆ, ಈ ಮಾತು ಕೇಳಿಸಿತ್ತು.

ಸುದ್ದಿಯ ಬಿಸಿ ಆರುವ ಮುಂಚೆಯೇ ಅರಣ್ಯದವರ ಜೀಪು ಊರಿಗೆ ಬಂತು. ಅರಳಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ, ಒಂಟಿಯಾಗಿ ಹೊಲಕ್ಕೆ ಹೋಗಬೇಡಿ, ಹುಲಿ ಕಂಡರೆ ಓಡಬೇಡಿ, ಎದ್ದು ನೆಟ್ಟಗೆ ನಿಲ್ಲಿ ಎಂದೆಲ್ಲ ಹೇಳಿದರು. ಕೊನೆಗೆ ಮುಖವಾಡ ಹಂಚಿದರು. ಮನುಷ್ಯನ ಮುಖ, ದಪ್ಪ ಮೀಸೆ, ಅಗಲ ಕಣ್ಣು, ಕಟ್ಟಿಕೊಳ್ಳಲು ಎಲಾಸ್ಟಿಕ್ಕು. ಹುಲಿ ಬೆನ್ನ ಹಿಂದಿನಿಂದ ಬರುವ ಪ್ರಾಣಿ, ಮುಖ ಕಂಡರೆ ಹಿಂಜರಿಯುತ್ತದೆ. ಅದಕ್ಕೇ ಬಗ್ಗಿ ಕೆಲಸ ಮಾಡುವಾಗ ಇದನ್ನು ಹಿಂದಲೆಗೆ ಕಟ್ಟಿಕೊಳ್ಳಬೇಕು ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಕ್ಕವರೇ ಮಾರನೆಯ ದಿನ ಕಟ್ಟಿಕೊಂಡು ಹೊಲಕ್ಕೆ ಹೋದರು.

ನಾನು ಅತ್ತೆಗೆ ಒಂದು ತಂದು, ಕೈಸನ್ನೆಯಲ್ಲಿ ಎಲ್ಲ ವಿವರಿಸಿ, ಮುಡಿಯ ಮೇಲೆ ನಾನೇ ಕಟ್ಟಿದೆ. ಬೇಡ ಎನ್ನುತ್ತಾರೇನೋ ಎಂದುಕೊಂಡಿದ್ದರೆ ಅವರು ಕನ್ನಡಿ ತರಿಸಿ, ಇನ್ನೊಂದು ಕನ್ನಡಿ ಹಿಂದೆ ಹಿಡಿಸಿ ನೋಡಿಕೊಂಡರು.

"ನಿಮ್ಮಾವನ ಮೀಸೆ ಇದ್ದಂಗದೆ ಕಣಮ್ಮಿ. ಇರೋಗಂಟ ಮುಂದೆ ಮುಂದೆ ಓದರು, ಈಗ ಹಿಂದೆ ಬತ್ತಾವ್ರೆ."

ನನಗೆ ನಗು ಬಂತು, ಅದರ ಜೊತೆಗೆ ಸ್ವಲ್ಪ ಧೈರ್ಯವೂ ಬಂತು. ಆ ಧೈರ್ಯ ಹಿತ್ತಿಲ ಬಾಗಿಲು ದಾಟುವ ತನಕ ಮಾತ್ರ ಉಳಿಯಿತು.

ಅತ್ತೆ ಆ ಮುಖ ಹೊತ್ತು ಕೋಳಿಗಳ ನಡುವೆ ಹೋದದ್ದೇ ತಡ, ಹಿಂಡು ಚೆಲ್ಲಾಪಿಲ್ಲಿಯಾಯಿತು. ಹುಂಜ ಬ್ಯಾರನ್ನಿನ ಸೂರಿನ ಮೇಲೆ ಹಾರಿ ಕೊಕ್ಕೊಕ್ಕೊಕ್ಕೋ ಎಂದು ಬಡಿದುಕೊಳ್ಳತೊಡಗಿತು. ಮೊಟ್ಟೆಯಿಡುವ ಹ್ಯಾಟೆಗಳೆಲ್ಲ ಕತ್ತು ನೀಡಿ ದನಿಗೂಡಿಸಿದವು. ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಓಡಿಹೋದೆ. ನೋಡಿದರೆ ಎಲ್ಲ ನೆಟ್ಟಗಿತ್ತು. ಅತ್ತೆ ಬೆಪ್ಪಾಗಿ ನಿಂತಿದ್ದರು, ಅವರ ಬೆನ್ನ ಹಿಂದೆ ಮೀಸೆಯ ಮುಖ ಕಾಡನ್ನು ನೋಡುತ್ತಿತ್ತು. ಸಾಕಿದ ಕೈಯನ್ನೇ ಕೋಳಿಗಳು ಗುರುತಿಸಲಿಲ್ಲವೆಂದು ಅತ್ತೆಗೆ ಬೇಜಾರಾಯಿತು.

ಅಲ್ಲಿಂದ ದಿನಾ ಇದೇ ಗೋಳು. ಅತ್ತೆ ಹೊಲಕ್ಕಿಳಿದರೆ ಸಾಕು, ಇವತ್ತಲ್ಲದಿದ್ದರೆ ನಾಳೆ, ಬೆಳಿಗ್ಗೆಯಲ್ಲದಿದ್ದರೆ ಮಧ್ಯಾಹ್ನ, ಹುಂಜ ಮೇಲೆ ಹತ್ತಿ ಅರಚುತ್ತಿತ್ತು. ಪ್ರತಿಸಲವೂ ಓಡುತ್ತಿದ್ದೆ. ಪ್ರತಿಸಲವೂ ಅಲ್ಲಿ ಅತ್ತೆ, ಮುಖವಾಡ, ಲಂಟಾನದ ಪೊದೆ, ಇಷ್ಟೇ. ಮುಖವಾಡ ತೆಗೆಸೋಣವೆಂದರೆ ಹುಲಿಯ ಹೆದರಿಕೆ, ಇರಿಸೋಣವೆಂದರೆ ಈ ಕೂಗು. ರಾತ್ರಿ ಕಣ್ಣು ಮುಚ್ಚಿದರೂ ಕಿವಿಯಲ್ಲಿ ಹುಂಜ ಕೂಗುತ್ತಿತ್ತು. ಅಡುಗೆಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು. ಇದೇನು, ಕೋಳಿ ಕೇಳಿ ಖಾರ ಅರೆಯುವ ಮನೆಯಾಯಿತಲ್ಲ ಎಂದು ನಮ್ಮ ಮನೆಯವರು ಛೇಡಿಸಿದರು. ಅವರಿಗೇನು, ಹೊಗೆಸೊಪ್ಪಿನ ಬೇಲು ಕಟ್ಟಿಕೊಂಡು ಹರಾಜಿಗೆ ಓಡಾಡುತ್ತಿದ್ದರು.

ಕೊನೆಗೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಮುಖವಾಡ ಕಟ್ಟಿಕೊಂಡು ಬ್ಯಾರನ್ನಿನ ಮುಂದೆ, ಕೋಳಿಗಳಿಗೆ ಬೆನ್ನು ಹಾಕಿ ಕೂತರು. ಕೈ ಹಿಂದಕ್ಕೆ ಮಾಡಿ ರಾಗಿ ಚೆಲ್ಲಿದರು. ಮೊದಲ ದಿನ ಒಂದೂ ಹತ್ತಿರ ಬರಲಿಲ್ಲ. ಅವರೂ ಏಳಲಿಲ್ಲ. ಹುಂಜ ಕೂಗಿದಾಗಲೆಲ್ಲ ಒಂದು ಹಿಡಿ ರಾಗಿ ಎಸೆಯುತ್ತಿದ್ದರು, ಕೂಗುವ ಬಾಯಿಗೆ ಕಾಳು ಬೀಳಲಿ ಎಂದು. ಕೆಲವು ದಿನಗಳಲ್ಲಿ ಕೋಳಿಗಳು ಮೀಸೆಯ ಮುಂದೆಯೇ ನಿಂತು ಮೇಯತೊಡಗಿದವು. ಒಂದು ಪಿಳ್ಳೆಯಂತೂ ಎಲಾಸ್ಟಿಕ್ಕನ್ನು ಹುಳುವೆಂದುಕೊಂಡು ಕುಕ್ಕಿತು. ಕೂಗು ನಿಂತಿತು. ನಾನು ಮನೆದೇವರಿಗೆ ಕಾಯಿ ಒಡೆದೆ. ಇನ್ನು ಹುಂಜ ಕೂಗಿದರೆ ನಿಜಕ್ಕೂ ಏನೋ ಇದೆಯೆಂದೇ ಅರ್ಥ, ಸುಮ್ಮನಿದ್ದರೆ ಸುಮ್ಮನಿರಬಹುದು ಎಂದು ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಅಷ್ಟರಲ್ಲಿ ಹಿಂಡಿನಿಂದ ಒಂದು ಕೆಂಪು ಹ್ಯಾಟೆ ಕಾಣೆಯಾಯಿತು. ಗರಿ ಬಿದ್ದಿರಲಿಲ್ಲ, ರಕ್ತವಿರಲಿಲ್ಲ. ಸಂಜೆ ಹೊತ್ತು ಒಂದು ಗಳಿಗೆ ಬಂದು ಗಬಗಬನೆ ಕಾಳು ತಿಂದು, ಮೈ ಉಬ್ಬಿಸಿಕೊಂಡು ಎಲ್ಲರ ಮೇಲೂ ರೇಗಿ, ಮತ್ತೆ ಮಾಯವಾಗುತ್ತಿತ್ತು. ಹೊರಗೆಲ್ಲೋ ಕದ್ದು ಮೊಟ್ಟೆಯಿಟ್ಟು ಕಾವಿಗೆ ಕೂತಿದೆ ಎಂದು ಅತ್ತೆಗೆ ಗೊತ್ತಾಯಿತು. ಕಾವಿಗೆ ಕೂತ ಕೋಳಿ ಬಯಲಲ್ಲಿದ್ದರೆ ಯಾವ ಪ್ರಾಣಿಗಾದರೂ ಸುಲಭದ ತುತ್ತು. ಅದು ಓಡುವುದಿಲ್ಲ, ಕೂಗುವುದೂ ಇಲ್ಲ. ಅತ್ತೆಗೆ ಅದೇ ಯೋಚನೆ ಹತ್ತಿತು.

"ಪೊದೆಯೊಳಗೇ ಕುಂತವ್ಳೆ. ಮೊಟ್ಟೆ ಸಮೇತ ತಂದು ಬ್ಯಾರನ್ನಲ್ಲಿ ಕೂರುಸ್ಬೇಕು."

"ಇವರು ಬರಲಿ ಅತ್ತೆ, ಎಲ್ಲ ಸೇರಿ ಹುಡುಕಾನ," ಎಂದು ಕೂಗಿ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ, ಹ್ಞೂಂ ಎಂದರು.

ಆ ಮಧ್ಯಾಹ್ನ ನಮ್ಮ ಮನೆಯವರು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ನಾನು ಜಗುಲಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ಹುಂಜ ಕೂಗಿತು. ಹದ್ದಿನ ಕೂಗಲ್ಲ, ನೆಲದ ಕೂಗು. ಮುಖವಾಡಕ್ಕೆ ಕೂಗುವುದು ಬಿಟ್ಟು ಬಹಳ ದಿನವಾಗಿತ್ತಲ್ಲ ಎಂದು ಹೊಳೆಯುವ ಹೊತ್ತಿಗೆ ನಾನು ಹಿತ್ತಿಲಲ್ಲಿದ್ದೆ.

ಹುಂಜ ಬ್ಯಾರನ್ನಿನ ಸೂರಿನ ಮೇಲಿತ್ತು, ಕತ್ತು ಪೊದೆಯ ಕಡೆಗೆ ನೆಟ್ಟಿತ್ತು. ರಾಗಿ ಕೊಯ್ದ ಬೋಳು ಹೊಲದ ಆ ತುದಿಯಲ್ಲಿ, ಲಂಟಾನದ ಬುಡದಲ್ಲಿ, ಅತ್ತೆ ಕುಕ್ಕರಗಾಲಲ್ಲಿ ಕೂತು ತೋಳನ್ನು ಪೊದೆಯೊಳಗೆ ತೂರಿಸಿ ತಡಕಾಡುತ್ತಿದ್ದರು. ಅವರ ಹಿಂದೆ ಮುಂದೆ ಕೋಳಿಗಳಿದ್ದವು. ಯಾವುದೂ ಕೆದಕುತ್ತಿರಲಿಲ್ಲ, ಎಲ್ಲ ನಿಂತಲ್ಲೇ ಕಂಬವಾಗಿದ್ದವು. ಮೀಸೆಯ ಮುಖ ಅಗಲ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಅದು ನನ್ನನ್ನು ನೋಡುತ್ತಿದೆ ಎಂದರೆ ಅತ್ತೆಯ ನಿಜವಾದ ಮುಖ ಕಾಡಿನ ಕಡೆಗಿದೆ, ಬಗ್ಗಿಕೊಂಡು, ಕಣ್ಣು ನೆಲಕ್ಕೆ ನೆಟ್ಟುಕೊಂಡು. ಮುಖವಾಡ ಅವರನ್ನು ಕಾಯುತ್ತಿದ್ದದ್ದು ನನ್ನಿಂದ.

ಪೊದೆಯ ಹಿಂದೆ ಒಣಹುಲ್ಲಿನ ತೆಂಡೆಯಿತ್ತು. ಗಾಳಿ ಇರಲಿಲ್ಲ. ಆ ಒಣಹುಲ್ಲಿನ ನಡುವೆ ಒಂದು ಕಿವಿ ಆಡಿತು. ನೊಣ ಓಡಿಸಲು ದನ ಆಡಿಸುತ್ತದಲ್ಲ, ಹಾಗೆ. ಅಷ್ಟೇ ಕಂಡದ್ದು. ಅಷ್ಟು ಸಾಕಾಗಿತ್ತು.

"ಅತ್ತೆ!" ಎಂದು ಕಿರುಚಿದೆ, ಅವರಿಗೆ ಕೇಳಲಿಲ್ಲ. ಕೂಗಿದರೆ ಕೇಳುವಷ್ಟೇ ದೂರ, ಕಿವಿ ಇದ್ದವರಿಗೆ. ಓಡಿಹೋಗಿ ಎಳೆದು ತರಲೇ ಎಂದರೆ ನಾನು ಓಡುವುದು ಕಂಡು ಅದು ಏನು ಮಾಡುತ್ತದೋ. ಓಡಬೇಡಿ ಎಂದಿದ್ದರು. ಓಡಬಾರದು, ಕೂಗಿದರೆ ಕೇಳದು, ನಿಂತು ನೋಡಲಾಗದು. ಹೇಗಾದರೂ ಮಾಡಿ ಅತ್ತೆ ಎದ್ದು ನಿಲ್ಲಬೇಕು. ನಾಲ್ಕು ಕಾಲಿನ ಹಾಗೆ ಕೂತವರು ಎರಡು ಕಾಲಿನವರಾಗಬೇಕು. ನನ್ನ ತಲೆಯಲ್ಲಿ ಇದೊಂದೇ ಉಳಿದಿತ್ತು.

ಬ್ಯಾರನ್ನಿನ ಬಾಗಿಲಲ್ಲಿ ರಾಗಿಯ ತಗಡಿನ ಡಬ್ಬ ಇತ್ತು. ತೆಗೆದುಕೊಂಡು ಅಲ್ಲಾಡಿಸಿ, "ಬಾ ಬಾ ಬಾ ಬಾ" ಎಂದು ಕೋಳಿ ಕರೆದೆ. ಕೋಳಿಗಳು ಕದಲಲಿಲ್ಲ. ಮೇಲೆ ಹುಂಜ ಅಪಾಯ ಎನ್ನುತ್ತಿದೆ, ಕೆಳಗೆ ನಾನು ಕಾಳು ಎನ್ನುತ್ತಿದ್ದೇನೆ, ಪಾಪ, ಅವಕ್ಕೂ ದಿಕ್ಕು ತೋಚಲಿಲ್ಲ. ಹಿಡಿಹಿಡಿ ರಾಗಿ ಮೇಲಕ್ಕೆ ತೂರಿದೆ. ಎಲಾಸ್ಟಿಕ್ಕು ಕುಕ್ಕಿದ್ದ ಆ ಪಿಳ್ಳೆ ಮೊದಲು ಕಾಲು ಕಿತ್ತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಿಂಡಿಗೆ ಹಿಂಡೇ, ಪೊದೆಯ ಅಂಚಿನಲ್ಲಿದ್ದವೂ ಸೇರಿ, ರೆಕ್ಕೆ ಬಿಚ್ಚಿಕೊಂಡು ಅತ್ತೆಯ ಎಡಬಲದಿಂದ ನುಗ್ಗಿ ಬಂದವು. ಒಂದು ಅವರ ತೋಳಿನ ಮೇಲೆಯೇ ಹಾರಿ ಬಂತು. ಹೊಟ್ಟೆಬಾಕ ಜಾತಿ. ಆ ಹೊಟ್ಟೆಬಾಕತನಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಅತ್ತೆ ತೋಳು ಈಚೆಗೆಳೆದುಕೊಂಡರು. ಓಡುತ್ತಿರುವ ಕೋಳಿಗಳನ್ನು ನೋಡಿದರು. ಮಂಡಿಗೆ ಕೈಕೊಟ್ಟು, ಒಂದು ಸಲ ಏಳಲಾಗದೆ ಕೂತು, ಮತ್ತೆ ಎದ್ದರು. ನೆಟ್ಟಗೆ ನಿಂತರು. ನನ್ನ ಕಡೆ ತಿರುಗಿದರು. ಆಗ ಮೀಸೆಯ ಮುಖ ಕಾಡಿನ ಕಡೆಗಾಯಿತು.

ಇನ್ನು ಅವರು ನಡೆದು ಬರಬೇಕು. ನಾನು ಹೆದರಿದ್ದು ಗೊತ್ತಾದರೆ ತಿರುಗಿ ನೋಡುತ್ತಾರೆ, ತಿರುಗಿದರೆ ಕೋಲು ಎತ್ತುತ್ತಾರೆ. ಅದಕ್ಕೇ ನಾನು ನಕ್ಕೆ. ಹಲ್ಲು ಕಿರಿದುಕೊಂಡು, ರಾಗಿ ಚೆಲ್ಲುತ್ತ ನಿಂತೆ. ಕಣ್ಣು ಮಾತ್ರ ಆ ಹುಲ್ಲನ್ನು ಬಿಡಲಿಲ್ಲ. ಅತ್ತೆ ಕುಂಟುತ್ತ ಅರ್ಧ ಹೊಲ ದಾಟಿದರು. ದಾಟಿ, ಬೋಳು ಹೊಲದ ನಟ್ಟನಡುವೆ ನಿಂತುಬಿಟ್ಟರು. ಸೂರಿನ ಮೇಲೆ ಬಾಯಿ ತೆರೆದು ಮುಚ್ಚುತ್ತಿದ್ದ ಹುಂಜ ಅವರ ಕಣ್ಣಿಗೆ ಬಿದ್ದಿತ್ತು.

"ಏನಂತವೆ?" ಎಂದು ಅಲ್ಲಿಂದಲೇ ಕೇಳಿದರು.

ಕೆಳಕ್ಕೆ ಬೆರಳು ತೋರಿಸಿದರೆ ಮುಂಗುಸಿ ಎಂದುಕೊಂಡು ಕಾವಿನ ಕೋಳಿಯ ಹತ್ತಿರ ವಾಪಸ್ಸು ಓಡುತ್ತಾರೆ. ಮೇಲಕ್ಕೆ ತೋರಿಸಿದರೆ ಅಲ್ಲೇ ನಿಂತು ಆಕಾಶ ನೋಡುತ್ತಾರೆ. ನನ್ನ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಫೋನಿಗೆ ಹೋಯಿತು. ಅದನ್ನು ಎತ್ತಿ ಹಿಡಿದು ಮದುವೆಯಾಗಿ ಬೇರೆ ಊರಿಗೆ ಹೋದ ಅವರ ಮಗಳ ಮನೆ ಇರುವ ದಿಕ್ಕಿಗೆ ಕೈ ಬೀಸಿ ತೋರಿಸಿದೆ. ಮಗಳ ಫೋನೆಂದರೆ ಅತ್ತೆಗೆ ಮಂಡಿನೋವೂ ನೆನಪಿರುವುದಿಲ್ಲ. ಆ ಕಡೆಯವರು ಹೇಳಿದ್ದು ಒಂದಕ್ಷರ ಕೇಳದಿದ್ದರೂ ತಮ್ಮದನ್ನೆಲ್ಲ ಒದರಿ ಮುಗಿಸುತ್ತಾರೆ. ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ಬಂದರು.

ಕೈಗೆ ಸಿಕ್ಕಿದ ತಕ್ಷಣ ಮುಂಗೈ ಹಿಡಿದು ಒಳಗೆ ಎಳೆದು ಅಗುಳಿ ಹಾಕಿದೆ.

"ಎಲ್ಲೆ ಫೋನು? ಈ ಹೊತ್ನಲ್ಲಿ ಅಷ್ಟೊಂದ್ ರಾಗಿ ಯಾಕ್ ಚೆಲ್ದೆ?" ಎಂದು ರೇಗಿದರು. ನಾನು ಅವರ ಕೈ ಬಿಡದೆ ಅಳಲು ಶುರುಮಾಡಿದೆ. ಅವರು ನನ್ನ ಮುಖ ನೋಡಿದರು, ಮುಚ್ಚಿದ ಬಾಗಿಲು ನೋಡಿದರು. ಪೊದೆಯ ಹಿಂದೆ ಏನಿತ್ತೆಂದು ಅಷ್ಟಕ್ಕೇ ಅವರಿಗೆ ಗೊತ್ತಾಯಿತು. ಗೋಡೆಗೆ ಒರಗಿ ಕೂತು, "ಅವ್ಳು ಅಲ್ಲೇ ಕುಂತವ್ಳೆ ಕಣಮ್ಮಿ. ನನ್ ಕೈಗೆ ಗರಿ ಸಿಕ್ತು. ಅವ್ಳು ಎದ್ದು ಬರಾಕಿಲ್ಲ," ಎಂದರು. ಅವರ ಗೋಳು ಇನ್ನೂ ಕೋಳಿಯದೇ ಆಗಿತ್ತು. ನನಗೆ ಕೋಪ ಬಂತು, ಆ ಕೋಪದಲ್ಲೇ ಅಳು ನಿಂತಿತು.

ನಮ್ಮ ಮನೆಯವರಿಗೂ ಅರಣ್ಯದವರಿಗೂ ಫೋನು ಮಾಡಿದೆ. ಆ ಸಂಜೆ ಪೊದೆಯ ಹತ್ತಿರ ಯಾರೂ ಹೋಗಬೇಡಿ ಎಂದರು ಅರಣ್ಯದವರು. ಮಾರನೆಯ ದಿನ ಬಿಸಿಲೇರಿದ ಮೇಲೆ ಜೀಪು ಬಂತು. ಊರಿನವರೆಲ್ಲ ತಗಡು ಬಡಿದುಕೊಂಡು, ಪಟಾಕಿ ಸಿಡಿಸಿಕೊಂಡು ಹೊಲಕ್ಕಿಳಿದರು. ಪೊದೆಯ ಆಚೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ನಮ್ಮನ್ನೂ ಕರೆದರು. ನಾನು ಬೇಡವೆಂದರೂ ಅತ್ತೆ ಬಂದರು. ಗರಿಯ ಗುಡ್ಡೆ ನೋಡಲು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದರು. "ಮೊಟ್ಟೆನಾದ್ರೂ ಉಳಿದಿದ್ರೆ ಬೇರೆಯವ್ಳ ಕೆಳಗೆ ಇಡಾನ," ಎನ್ನುತ್ತ ಮಂಕರಿಯನ್ನೂ ಹೊತ್ತಿದ್ದರು.

ಕಂದಕದ ಕುಸಿದ ದಡದಲ್ಲಿ ಹೆಜ್ಜೆಗಳಿದ್ದವು. ನನ್ನ ಅಂಗೈ ಅಗಲಿಸಿದರೂ ಮುಚ್ಚಲಾರದಂಥವು. ಅರಣ್ಯದ ವಾಚರೊಬ್ಬರು ಒಣಹುಲ್ಲಿನ ತೆಂಡೆಯನ್ನು ಕೋಲಿನಲ್ಲಿ ಸರಿಸಿ ತೋರಿಸಿದರು. ಮಂಚದುದ್ದಕ್ಕೆ ಹುಲ್ಲು ಮಲಗಿತ್ತು. ಪಕ್ಕದಲ್ಲೇ ಅಂಥದೇ ಇನ್ನೊಂದು ಜಾಗ, ಅದರಾಚೆ ಮತ್ತೊಂದು. ಅವುಗಳಲ್ಲಿ ಹುಲ್ಲು ಹಳತಾಗಿ ಮತ್ತೆ ತಲೆಯೆತ್ತುತ್ತಿತ್ತು.

"ನೆನ್ನೆದೊಂದೇ ಅಲ್ಲ ಕಣವ್ವ, ಇದು ಮುಂಚಿಂದ್ಲೂ ಬಂದು ಮಲಗ್ತಾ ಅದೆ," ಎಂದರು ವಾಚರು.

ಹಾಗಾದರೆ ಅಷ್ಟು ದಿನ ಹುಂಜ ಕೂಗಿದ್ದು ಮುಖವಾಡಕ್ಕೋ, ಇದಕ್ಕೋ? ಕೂಗಿದಾಗಲೆಲ್ಲ ಬಾಯಿಗೆ ರಾಗಿ ಹಾಕಿ ನಾವು ಸುಮ್ಮನಾಗಿಸಿದ್ದು ಯಾವ ಕೂಗನ್ನು? ಉತ್ತರ ನನಗೆ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಪೊದೆಯ ಬುಡದಿಂದ ಸಣ್ಣಗೆ ಕುರ್ರೆಂದು ಸದ್ದು ಬಂತು. ವಾಚರು ಟೊಂಗೆ ಎತ್ತಿ ಹಿಡಿದರು. ಕೆಂಪು ಹ್ಯಾಟೆ ಅಲ್ಲೇ ಇತ್ತು. ಮೈ ಉಬ್ಬಿಸಿಕೊಂಡು, ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡು, ನಮ್ಮೆಲ್ಲರ ಮೇಲೂ ಸಿಟ್ಟಾಗಿ ಕೂತಿತ್ತು. ಒಂದು ಗರಿಯೂ ಅಲುಗಿರಲಿಲ್ಲ. ಒತ್ತಿದ ಹುಲ್ಲು ಅದರ ಬಾಲದ ಹಿಂದೆಯೇ ಶುರುವಾಗುತ್ತಿತ್ತು. ಕತ್ತು ಚಾಚಿದರೆ ಬಾಯಿಗೆ ಸಿಗುವಂತಿತ್ತು ಆ ಕೋಳಿ.

ಊರಿನವರು ದೇವರು ದೊಡ್ಡವನು ಎಂದರು. ಯಾರೋ ನಕ್ಕರು ಕೂಡ. ಅತ್ತೆ ನಗಲಿಲ್ಲ. ಅವರು ಕೋಳಿಯನ್ನು ನೋಡಿದರು, ಹುಲ್ಲು ಮಲಗಿದ್ದ ಜಾಗವನ್ನು ನೋಡಿದರು, ಆಮೇಲೆ ಪೊದೆಯ ಈಚೆ ತಾವು ಕೂತಿದ್ದಲ್ಲಿ ಉಳಿದಿದ್ದ ತಮ್ಮದೇ ಹಿಮ್ಮಡಿಯ ಗುರುತನ್ನು ನೋಡಿದರು. ಅವರ ಕೈಯಿಂದ ಮಂಕರಿ ಜಾರಿತು. ಕಾವಿನ ಕೋಳಿಯನ್ನು ಇನ್ನೊಬ್ಬರು ಮುಟ್ಟಲು ಬಿಡದ ಹೆಂಗಸು ನನ್ನ ಸೆರಗಿನ ತುದಿ ಹಿಡಿದುಕೊಂಡು, "ನೀನೇ ಎತ್ಕೊ ಕಣಮ್ಮಿ," ಎಂದರು. ಮದುವೆಯಾಗಿ ಬಂದಂದಿನಿಂದ ಅವರು ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ.

ನಾನು ಬಗ್ಗಿ ಕೋಳಿಯನ್ನು ಎತ್ತಿಕೊಂಡೆ. ಬೆಚ್ಚಗಿತ್ತು.

"ಕೋಳಿಗ್ ಬಂದಿದ್ದಲ್ಲ ಕಣಮ್ಮಿ ಅದು," ಎಂದರು ಅತ್ತೆ, ಯಾವತ್ತೂ ಇಲ್ಲದ ಮೆಲ್ಲನೆಯ ದನಿಯಲ್ಲಿ. ಅವತ್ತಿನಿಂದ ಅವರು ಹೊಲಕ್ಕಿಳಿದಿಲ್ಲ.